ವಧುವಿನ ಹೆಸರು: ಸೂತ್ರದ ನಿಷೇಧ, ಶಾಸನದ ಸಾಕ್ಷ್ಯ

ಹೆಣ್ಣು ನೋಡುವ ಸಂದರ್ಭದಲ್ಲಿ ಕುಲ, ಶೀಲ, ರೂಪ, ಆರೋಗ್ಯಗಳ ವಿಚಾರಣೆ ನಡೆಯುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಇವೆಲ್ಲಕ್ಕಿಂತ ಮೊದಲು ಗಂಡಿನ ಕಡೆಯವರ ಕಿವಿಗೆ ಬೀಳುವುದು ಹೆಣ್ಣಿನ ಹೆಸರು. ಮುಖ ಕಾಣುವ ಮುನ್ನವೇ ಕೇಳಿಸುವ ಈ ಎರಡು ಮೂರು ಅಕ್ಷರಗಳು ಮನಸ್ಸನ್ನು ಸೆಳೆಯಬಲ್ಲವು, ಹಿಂದೆಗೆಯುವಂತೆ ಮಾಡಲೂ ಬಲ್ಲವು. ಇದನ್ನು ಪ್ರಾಚೀನರು ಚೆನ್ನಾಗಿ ತಿಳಿದಿದ್ದರು. ತಿಳಿದುದಷ್ಟೇ ಅಲ್ಲ, ಎಂಥ ಹೆಸರಿನ ಹೆಣ್ಣನ್ನು ವರಿಸಬಾರದೆಂದು ವಿಧಿಯನ್ನೇ ಬರೆದಿಟ್ಟರು.

ಈ ವಿಧಿಯ ಹಳೆಯ ರೂಪವೊಂದು ಆಪಸ್ತಂಬ ಗೃಹ್ಯಸೂತ್ರದಲ್ಲಿದೆ. ನಕ್ಷತ್ರದ ಹೆಸರು, ನದಿಯ ಹೆಸರು, ಮರದ ಹೆಸರು ಉಳ್ಳ ಕನ್ಯೆಯರು ವಿವಾಹಕ್ಕೆ ನಿಂದ್ಯರೆಂದು ಸೂತ್ರಕಾರನು ಹೇಳುತ್ತಾನೆ. ಮುಂದುವರಿದು, ಯಾರ ಹೆಸರಿನ ಉಪಾಂತ್ಯದಲ್ಲಿ, ಎಂದರೆ ಕೊನೆಯ ಸ್ವರಕ್ಕೆ ಹಿಂದೆ, ರೇಫವಾಗಲಿ ಲಕಾರವಾಗಲಿ ಇರುವುದೋ ಅವರೆಲ್ಲರನ್ನೂ ಬಿಡಬೇಕೆನ್ನುತ್ತಾನೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಈ ಪಟ್ಟಿಯನ್ನು ಹಿಗ್ಗಿಸಿ ಪರ್ವತ, ಪಕ್ಷಿ, ಸರ್ಪಗಳ ಹೆಸರುಗಳನ್ನೂ, ಅಂತ್ಯಜರ ಹಾಗೂ ಸೇವಕರ ಹೆಸರುಗಳನ್ನೂ, ಕೇಳಿದರೆ ಭಯ ಹುಟ್ಟಿಸುವ ಹೆಸರುಗಳನ್ನೂ ಸೇರಿಸುತ್ತದೆ. ಮರುಶ್ಲೋಕದಲ್ಲಿ ಸೌಮ್ಯವಾದ ಹೆಸರಿನವಳನ್ನೇ ವರಿಸಬೇಕೆಂದು ವಿಧಿಸುತ್ತದೆ. ಎರಡನೆಯ ಅಧ್ಯಾಯದಲ್ಲಿಯೇ ಹೆಣ್ಣುಮಗುವಿಗೆ ಇಡುವ ಹೆಸರು ಸುಲಭವಾಗಿ ಉಚ್ಚರಿಸುವಂಥದೂ, ಕ್ರೂರವಲ್ಲದ್ದೂ, ಅರ್ಥ ಸ್ಪಷ್ಟವಾದದ್ದೂ, ಮನೋಹರವೂ, ಮಂಗಲಕರವೂ, ದೀರ್ಘಾಕ್ಷರದಲ್ಲಿ ಮುಗಿಯುವಂಥದೂ, ಆಶೀರ್ವಾದದಂತೆ ಕೇಳುವಂಥದೂ ಆಗಿರಬೇಕೆಂದು ಹೇಳಲಾಗಿದೆ. ತೊಟ್ಟಿಲಲ್ಲಿಯೇ ಮದುವೆಯ ಸಿದ್ಧತೆ ಆರಂಭವಾಯಿತೆಂದಾಯಿತು.

ಧರ್ಮಶಾಸ್ತ್ರದಲ್ಲಿ ಇಂಥ ನಿಯಮಗಳಿರುವುದು ಅಚ್ಚರಿಯಲ್ಲ. ಅಚ್ಚರಿಯೆಂದರೆ ವಾತ್ಸ್ಯಾಯನನ ಕಾಮಸೂತ್ರವೂ ಇದೇ ನಿಷೇಧವನ್ನು ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ ಎತ್ತಿಕೊಂಡಿರುವುದು. ಕನ್ಯಾಸಂಪ್ರಯುಕ್ತಕವೆಂಬ ಮೂರನೆಯ ಅಧಿಕರಣದ ಮೊದಲಲ್ಲಿಯೇ ನಕ್ಷತ್ರ, ನದಿ, ವೃಕ್ಷಗಳ ಹೆಸರಿನವರೂ ರೇಫ-ಲಕಾರಗಳು ಉಪಾಂತ್ಯದಲ್ಲಿರುವ ಹೆಸರಿನವರೂ ವರಣದಲ್ಲಿ ವರ್ಜ್ಯರಾಗುತ್ತಾರೆ. ಅನುರಾಗವನ್ನೇ ವಿಷಯವಾಗಿ ಹೊಂದಿದ ಗ್ರಂಥವು ಇಲ್ಲಿ ಅನುರಾಗವನ್ನು ಕೇಳದೆ ವರ್ಣಮಾಲೆಯನ್ನು ಕೇಳಿದೆ.

ನಿಷೇಧದ ಹಿಂದಿನ ತರ್ಕವೇನು? ಹೆಸರಿಗೆ ಮೂಲವಾದ ವಸ್ತುವಿನ ಸ್ವಭಾವವು ಹೆಸರು ಹೊತ್ತವಳಿಗೂ ಅಂಟಿಕೊಳ್ಳುತ್ತದೆಂಬ ನಂಬಿಕೆ ಇಲ್ಲಿ ಕೆಲಸ ಮಾಡಿದಂತೆ ಕಾಣುತ್ತದೆ. ನದಿ ಒಂದೆಡೆ ನಿಲ್ಲದು, ಹಾವು ಕಚ್ಚುತ್ತದೆ, ಬೆಟ್ಟ ಬಾಗದು. ಈ ಬಗೆಯ ವಿವರಣೆ ಅರ್ಥವಿರುವ ಹೆಸರುಗಳಿಗೆ ಸಲ್ಲಬಹುದು. ರೇಫ-ಲಕಾರಗಳಿಗೆ ಮಾತ್ರ ಅದು ಸಲ್ಲುವುದಿಲ್ಲ. ಅಲ್ಲಿರುವುದು ಬರಿಯ ನಾದ. ಆ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಗೌರಿ, ತಾರಾ, ಕಮಲಾ, ಇಂದಿರಾ ಎಲ್ಲರೂ ತೌರಿನಲ್ಲಿಯೇ ಉಳಿಯಬೇಕಾಗುತ್ತದೆ. ‘ಸುಂದರಿ’ ಎಂಬ ಮಾತೂ ರೇಫೋಪಾಂತವೇ. ಚೆಲುವೆಯೆಂದು ಅರ್ಥ ಕೊಡುವ ಹೆಸರೇ ಚೆಲುವೆಯನ್ನು ಅನರ್ಹಳನ್ನಾಗಿಸುವ ವಿಚಿತ್ರ ಇದು. ಆದಿನಾಥನ ಇಬ್ಬರು ಹೆಣ್ಣುಮಕ್ಕಳಲ್ಲಿ ಲಿಪಿಯನ್ನು ಕಲಿತವಳು ಬ್ರಾಹ್ಮಿ, ಅಂಕವನ್ನು ಕಲಿತವಳು ಸುಂದರಿ. ದಿಗಂಬರ ಪರಂಪರೆಯ ಕಥೆಯಲ್ಲಿ ಇಬ್ಬರೂ ವಿವಾಹವಾಗದೆ ದೀಕ್ಷೆ ಪಡೆದರು. ಅದಕ್ಕೆ ಕಾರಣ ವೈರಾಗ್ಯವೇ ಹೊರತು ಹೆಸರಿನ ಕೊನೆಯ ರೇಫವಲ್ಲ.

ಕಾವ್ಯ-ಪುರಾಣಗಳಂತೂ ಈ ನಿಷೇಧವನ್ನು ಎಂದೂ ಮನ್ನಿಸಲಿಲ್ಲ. ಶಂತನು ಕೈಹಿಡಿದದ್ದು ಗಂಗೆಯನ್ನು. ಬಲರಾಮನ ಪತ್ನಿ ರೇವತಿ, ಅವನ ತಾಯಿ ರೋಹಿಣಿ, ಇಬ್ಬರೂ ನಕ್ಷತ್ರನಾಮೆಯರು. ಕ್ರಿ.ಶ. 783ರಲ್ಲಿ ಮುಗಿದ ಪುನ್ನಾಟ ಸಂಘದ ಜಿನಸೇನರ ಹರಿವಂಶಪುರಾಣದಲ್ಲಿ ವಸುದೇವನು ದೇಶದೇಶಗಳನ್ನು ಸುತ್ತಿ ಅನೇಕ ಕನ್ಯೆಯರನ್ನು ವರಿಸಿದ ಮೇಲೆ, ವಾದ್ಯಗಾರನ ವೇಷದಲ್ಲಿ ಸ್ವಯಂವರಮಂಟಪದಲ್ಲಿ ಕುಳಿತಿದ್ದಾಗ ಅವನನ್ನು ಆರಿಸಿಕೊಳ್ಳುವವಳು ರೋಹಿಣಿ. ಅಲ್ಲಿ ವರಣದ ಹಕ್ಕು ಹೆಣ್ಣಿನದು. ಮಾಲೆ ಹಿಡಿದವಳ ಹೆಸರನ್ನು ಯಾರೂ ತೂಗಲಿಲ್ಲ, ಮಾಲೆ ಬಿದ್ದವನ ಹೆಸರು ಆ ಗಳಿಗೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇನ್ನೂ ಸ್ವಾರಸ್ಯಕರವಾದ ಮಾತು ಆಪಸ್ತಂಬದಲ್ಲಿಯೇ ಇದೆ. ಪಟ್ಟಿಯೆಲ್ಲ ಮುಗಿದ ಮೇಲೆ ಸೂತ್ರಕಾರನು ಕೆಲವರ ಮತವೊಂದನ್ನು ದಾಖಲಿಸುತ್ತಾನೆ: ಯಾವಳಲ್ಲಿ ಮನಸ್ಸೂ ಕಣ್ಣೂ ಕಟ್ಟುಬೀಳುವವೋ ಅವಳಿಂದಲೇ ಅಭ್ಯುದಯ, ಉಳಿದುದನ್ನು ಲೆಕ್ಕಿಸಬೇಕಾಗಿಲ್ಲ. ವಾತ್ಸ್ಯಾಯನನೂ ಈ ಮತವನ್ನು ಎತ್ತಿ ಹೇಳಿದ್ದಾನೆ. ಆ ‘ಕೆಲವರು’ ಯಾರೆಂದು ಇಬ್ಬರೂ ಹೆಸರಿಸಿಲ್ಲ. ಹೆಸರಿನ ಬಗೆಗೆ ಇಷ್ಟೊಂದು ಎಚ್ಚರ ವಹಿಸಿದ ಗ್ರಂಥಗಳಲ್ಲಿ ಅತ್ಯಂತ ವಿವೇಕದ ಮಾತು ಅನಾಮಿಕರದಾಗಿ ಉಳಿದಿದೆ.

ಹೆಸರಿಗೂ ಹೆಸರಿಸಲ್ಪಟ್ಟುದಕ್ಕೂ ಇರುವ ನಂಟನ್ನು ಜೈನ ಚಿಂತನೆ ಬೇರೊಂದು ದಾರಿಯಲ್ಲಿ ವಿಚಾರಿಸಿತು. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳಿದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಂತೆ, ಆಯಾ ಗುಣವಿಲ್ಲದ ವಸ್ತುವಿಗೆ ಕೇವಲ ವ್ಯವಹಾರಕ್ಕಾಗಿ ಮನುಷ್ಯನು ತನ್ನಿಚ್ಛೆಯಿಂದ ಇಡುವ ಸಂಜ್ಞೆಯೇ ನಾಮ. ಒಬ್ಬ ಹುಡುಗನಿಗೆ ಇಂದ್ರನೆಂದು ಹೆಸರಿಟ್ಟರೆ ಅವನಲ್ಲಿ ಇಂದ್ರತ್ವವೇನೂ ಬಂದು ಸೇರುವುದಿಲ್ಲ. ಇದನ್ನು ಒಪ್ಪಿದವನಿಗೆ ಗಂಗೆಯೆಂಬ ಹುಡುಗಿ ಹರಿದುಹೋದಾಳೆಂಬ ಅಂಜಿಕೆ ಇರಬೇಕಾಗಿಲ್ಲ. ಕರ್ಮಗಳ ಎಣಿಕೆಯಲ್ಲಿ ಬರುವ ‘ನಾಮಕರ್ಮ’ಕ್ಕೂ ವ್ಯಕ್ತಿಯ ಹೆಸರಿಗೂ ಸಂಬಂಧವಿಲ್ಲ, ಅದು ಶರೀರಾದಿಗಳನ್ನು ರೂಪಿಸುವ ಕರ್ಮ. ಆದರೂ ಅದರ ಪ್ರಭೇದಗಳಲ್ಲಿ ‘ಸುಭಗ’ ಎಂಬುದೊಂದಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಒಬ್ಬರು ಇನ್ನೊಬ್ಬರಿಗೆ ಪ್ರೀತಿಪಾತ್ರರೆನಿಸುವುದು ಅದರ ಉದಯದಿಂದ. ಆಕರ್ಷಣೆಯ ಮೂಲವನ್ನು ಈ ದರ್ಶನವು ಹೆಸರಿನ ಅಕ್ಷರಗಳಲ್ಲಿ ಹುಡುಕಲಿಲ್ಲ.

ಆದಿಪುರಾಣವನ್ನು ರಚಿಸಿದ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಗರ್ಭಾನ್ವಯಕ್ರಿಯೆಗಳ ವಿವರದಲ್ಲಿ ನಾಮಕರಣಕ್ಕೆ ಒಂದು ಸೊಗಸಾದ ವಿಧಾನವನ್ನು ಸೂಚಿಸಿದ್ದಾರೆ. ಜಿನನ 1008 ಹೆಸರುಗಳನ್ನು ಪತ್ರಗಳಲ್ಲಿ ಬರೆದು ಘಟದಲ್ಲಿ ಹಾಕಿ, ಅವುಗಳಲ್ಲಿ ಒಂದನ್ನು ಎತ್ತಿಕೊಳ್ಳುವ ಘಟಪತ್ರವಿಧಾನ ಅದು. ಹೆಸರು ಇಲ್ಲಿ ಯಾರನ್ನೋ ಮೆಚ್ಚಿಸಲು ಆಯ್ದದ್ದಲ್ಲ, ಕೈಗೆ ಬಂದದ್ದು. ಆದರೆ ಕರ್ನಾಟಕದ ಶಾಸನಗಳಲ್ಲಿ ಕಾಣಸಿಗುವ ಶ್ರಾವಕಿಯರ ಹೆಸರುಗಳನ್ನು ನೋಡಿದರೆ ಈ ವಿಧಾನವೂ ಹೆಚ್ಚಾಗಿ ಗ್ರಂಥದಲ್ಲಿಯೇ ಉಳಿಯಿತೆಂದು ತೋರುತ್ತದೆ. ಜಕ್ಕಿಯಬ್ಬೆ, ಪೋಚಿಕಬ್ಬೆ, ಮಾಚಿಕಬ್ಬೆ, ಲಕ್ಕಲೆ, ಕಾಳಲೆ ಇವಾವುವೂ ಜಿನಸಹಸ್ರನಾಮದಿಂದ ಬಂದವಲ್ಲ. ಸೂತ್ರವನ್ನೂ ಕೇಳದೆ, ಪುರಾಣವನ್ನೂ ಕೇಳದೆ, ಕನ್ನಡದ ಮನೆಗಳು ತಮ್ಮ ಹೆಣ್ಣುಮಕ್ಕಳಿಗೆ ತಮಗೆ ತೋಚಿದ ಹೆಸರಿಟ್ಟವು.

ಈ ಹೆಸರುಗಳ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ಹತ್ತನೆಯ ಶತಮಾನದಲ್ಲಿ ಮುಖ್ಯವಾಗಿ ಕಾಣುವುದು ‘ಅಬ್ಬೆ’ ಎಂಬ ಕೊನೆ. ಅಬ್ಬೆಯೆಂದರೆ ತಾಯಿ. ಪಂಪನ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ, ಹೆಸರಿನ ಆದಿಯಲ್ಲಿಯೂ ಅಂತ್ಯದಲ್ಲಿಯೂ ತಾಯಿಯೇ. ಮುಂದೆ ಅವ್ವೆ, ಅಕ್ಕ, ಅಮ್ಮ ಎಂಬ ಕೊನೆಗಳು ಹೆಚ್ಚುತ್ತವೆ. ಮನುವಿನ ಮನೋಹರವಾದ ಹೆಸರು ಹೆಣ್ಣನ್ನು ನೋಡುವವನ ಕಡೆಯಿಂದ ಕಟ್ಟಿದ್ದು. ವರಿಸುವವನಿಗೆ ಅದು ಇಂಪಾಗಿರಬೇಕು. ಅಬ್ಬೆ, ಅಕ್ಕ ಎಂಬ ಕೊನೆಗಳಾದರೋ ಅವಳನ್ನು ಊರಿನ ಎಲ್ಲರೊಡನೆ ನಂಟಿನಲ್ಲಿ ಕಟ್ಟುತ್ತವೆ. ಗಂಡನಾಗುವವನೂ ಅವಳ ಹೆಸರೆತ್ತಿದರೆ ತಾಯಿ ಎಂದೋ ಅಕ್ಕ ಎಂದೋ ಕರೆದಂತಾಗುತ್ತದೆ! ಇಂಥ ಹೆಸರನ್ನು ಶೃಂಗಾರದ ಸಾಧನವೆಂದು ಯಾವ ಅಲಂಕಾರಶಾಸ್ತ್ರಿಯೂ ಒಪ್ಪಲಾರನು. ಆದರೂ ಆ ಹೆಸರಿನವರ ಮದುವೆಗಳು ನಡೆದವು, ಸಂಸಾರಗಳು ಬಾಳಿದವು.

ಎರಡನೆಯ ಬಗೆ ‘ಅಲೆ’ ಎಂದು ಮುಗಿಯುವ ಹೆಸರುಗಳದು. ಸೂತ್ರಕಾರನ ನಿಷೇಧಕ್ಕೆ ನೇರವಾಗಿ ಎದುರಾಗುವವು ಇವೇ. ಹೊಯ್ಸಳರ ಅಂತಃಪುರವನ್ನು ನೋಡಿದರೆ ಲಕಾರೋಪಾಂತವು ದೋಷವೆನಿಸದೆ ಲಕ್ಷಣವೇ ಆಗಿಬಿಟ್ಟಿದೆ. ಎರೆಯಂಗನ ರಾಣಿ ಏಚಲದೇವಿ. ಅವಳ ಮಗ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ, ಅವನ ಮತ್ತೊಬ್ಬ ರಾಣಿ ಬಮ್ಮಲದೇವಿ. ಅವನ ಮಗ ಒಂದನೆಯ ನರಸಿಂಹನ ರಾಣಿ ಮತ್ತೆ ಏಚಲದೇವಿ. ಒಂದನೆಯ ಬಲ್ಲಾಳನು 1103ರಲ್ಲಿ ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳನ್ನು ಒಟ್ಟಿಗೆ ವಿವಾಹವಾದಾಗ ಅವರಲ್ಲಿ ಹಿರಿಯಳು ಪದ್ಮಲದೇವಿ. ಕೊನೆಗೆ ‘ದೇವಿ’ ಸೇರಿರುವುದರಿಂದ ಲಕಾರವು ಉಪಾಂತ್ಯದಲ್ಲಿ ಉಳಿಯಲಿಲ್ಲವೆಂದು ವಾದಿಸುವ ಶಾಸ್ತ್ರಿಗಳು ಇದ್ದಿರಬಹುದು. ಗೌರವವಾಚಕವನ್ನು ತೆಗೆದರೆ ಉಳಿಯುವುದು ಲಕಾರವೇ. ಕನ್ನಡದ ಕಿವಿಗೆ ಆ ಲಕಾರ ಹಿತವಾಗಿ ಕೇಳಿಸಿತು, ಅಷ್ಟೆ. ಸಂಸ್ಕೃತದ ಉಚ್ಚಾರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ರುಚಿಯನ್ನು ಕನ್ನಡದ ಕಿವಿ ಒಪ್ಪಬೇಕಾದ ನಿರ್ಬಂಧವೇನಿತ್ತು?

ಇದು ಸೂತ್ರಗಳ ಬಳಕೆಯಿಲ್ಲದ ಮನೆತನಗಳ ಮಾತೆಂದು ತಳ್ಳಿಹಾಕುವಂತಿಲ್ಲ. ಶ್ರವಣಬೆಳಗೊಳದ ಊರೊಳಗಿನ ಅಕ್ಕನ ಬಸದಿ ಇದಕ್ಕೆ ಉತ್ತರ ಹೇಳುತ್ತದೆ. ಅದನ್ನು 1181ರಲ್ಲಿ ಕಟ್ಟಿಸಿದವಳು ಆಚಲದೇವಿ, ಎಂದರೆ ಆಚಿಯಕ್ಕ. ಅವಳ ಪತಿ ಚಂದ್ರಮೌಳಿಯು ಇಮ್ಮಡಿ ಬಲ್ಲಾಳನ ಮಂತ್ರಿ, ಬ್ರಾಹ್ಮಣ, ಶಿವಭಕ್ತ, ಅವಳು ಜಿನಭಕ್ತೆ. ನಿಷೇಧವನ್ನು ಓದಬಲ್ಲವನೂ ಅದನ್ನು ಪಾಲಿಸಬೇಕಾದವನೂ ಆದ ಕುಲದಲ್ಲಿ ಹುಟ್ಟಿದ ಚಂದ್ರಮೌಳಿಯ ಮಡದಿಯ ಹೆಸರು ಲಕಾರೋಪಾಂತ, ಅವಳ ದೇವರು ಬೇರೆ. ಹೀಗಿದ್ದೂ ಆ ಬಸದಿಗೆ ಬೊಮ್ಮೆಯನಹಳ್ಳಿಯನ್ನು ದತ್ತಿಯಾಗಿ ಬಿಡಬೇಕೆಂದು ದೊರೆಯನ್ನು ಬೇಡಿಕೊಂಡವನು ಆ ಶಿವಭಕ್ತ ಪತಿಯೇ. ದಾಂಪತ್ಯದ ಅನುರಾಗಕ್ಕೆ ಕಲ್ಲಿನ ಮೇಲೆ ಇದಕ್ಕಿಂತ ಮಿತವಾದ, ಇದಕ್ಕಿಂತ ಖಚಿತವಾದ ಸಾಕ್ಷ್ಯ ವಿರಳ. ಜನ ಆ ಬಸದಿಯನ್ನು ಕರೆಯುವುದು ದೇವಿಯೆಂಬ ಪದವಿಯಿಂದಲೂ ಅಲ್ಲ, ಆಚಲೆಯೆಂಬ ಹೆಸರಿನಿಂದಲೂ ಅಲ್ಲ. ‘ಅಕ್ಕ’ ಎಂಬ ನಂಟಿನಿಂದ.

ಭಯಂಕರವೆನಿಸುವ ಹೆಸರುಗಳ ಗತಿಯೂ ಹೀಗೆಯೇ. ಬೆಳಗೊಳದ ಗೊಮ್ಮಟಮೂರ್ತಿಯ ಕಥೆಯಲ್ಲಿ ಚಾವುಂಡರಾಯನ ತಾಯಿ ಕಾಳಲದೇವಿ; ಕರಿದೆಂಬ ಅರ್ಥದ ನೆರಳೂ ಅಲ್ಲಿದೆ, ಲಕಾರವೂ ಇದೆ. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಯ ಹೆಸರಿನಲ್ಲಿ ಚೆಲುವಿನ ‘ಚೆನ್ನ’ವೂ ಭಯದ ‘ಭೈರ’ವೂ ಒಟ್ಟಿಗೆ ಕುಳಿತಿವೆ. ವಿಜಯನಗರಕ್ಕೆ ಬಂದರೆ ಕೃಷ್ಣದೇವರಾಯನ ತಾಯಿ ನಾಗಲದೇವಿ, ಪಟ್ಟದರಸಿ ತಿರುಮಲದೇವಿ. ಒಬ್ಬಳ ಹೆಸರಿನಲ್ಲಿ ಸರ್ಪ, ಇನ್ನೊಬ್ಬಳ ಹೆಸರಿನಲ್ಲಿ ಬೆಟ್ಟ.

ಈ ನಾಡಿನ ಲಕಾರಾಂತ್ಯದ ಹೆಸರೊಂದು ಕಾಶ್ಮೀರದವರೆಗೂ ಹೋಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಕರಹಾಟದ ಶಿಲಾಹಾರ ವಂಶದವಳು. ಆಸ್ಥಾನಕವಿ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಅವಳ ಸ್ವಯಂವರವನ್ನು ವರ್ಣಿಸುವಾಗ ಚಂದ್ರಲೇಖೆಯೆಂಬ ಹೆಸರನ್ನೂ ಬಳಸುತ್ತಾನೆ. ಸಂಸ್ಕೃತಕಾವ್ಯದ ನಾಯಿಕೆಗೆ ಒಪ್ಪುವ ಹೆಸರು ಅದು. ಕಲ್ಹಣನ ರಾಜತರಂಗಿಣಿಯಲ್ಲಿ ಬೇರೊಂದು ಪ್ರಸಂಗವಿದೆ. ಕಾಶ್ಮೀರದ ರಾಜ ಹರ್ಷನು ಕರ್ಣಾಟದ ದೊರೆ ಪೆರ್ಮಾಡಿಯ ಪತ್ನಿಯ ಚಿತ್ರವನ್ನು ನೋಡಿ ಮರುಳಾದನಂತೆ. ಅವಳನ್ನು ಕಲ್ಹಣ ಕರೆಯುವುದು ಚಂದಲಾ ಎಂದೇ. ಚಿತ್ರವನ್ನು ಕಂಡು ಕೆಟ್ಟ ಅರಸನನ್ನು ಕವಿ ನಗೆಗೀಡು ಮಾಡಿದ್ದಾನೆ. ಹೆಸರನ್ನು ತಿದ್ದುವ ಗೋಜಿಗೆ ಹೋಗಿಲ್ಲ.

ಹಾಗಾದರೆ ಹೆಸರಿಗೆ ಸೆಳೆತವೇ ಇಲ್ಲವೆನ್ನಬೇಕೆ? ಹಾಗಲ್ಲ. ಸೆಳೆತವಿದೆ, ಅದು ಬರುವ ದಿಕ್ಕು ಬೇರೆ. ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನ ರನ್ನನ ಮನೆಯಲ್ಲಿಯೇ ಸಿಗುತ್ತದೆ. ಬಳೆಗಾರರ ಕುಲದಲ್ಲಿ, ಮುದುವೊಳಲಿನಲ್ಲಿ ಹುಟ್ಟಿದ ಈ ಕವಿ ತನ್ನ ಕಾವ್ಯದಲ್ಲಿ ಭಾನುಮತಿ, ದ್ರೌಪದಿಯರನ್ನು ಮೆರೆಸಿದನು. ಅವನ ಸ್ವಂತ ಮಡದಿಯರು ಜಕ್ಕಿ ಮತ್ತು ಶಾಂತಿ. ಎರಡೆರಡು ಅಕ್ಷರಗಳ, ಒಲೆಯ ಮುಂದೆ ಕೂತು ಕರೆಯಬಹುದಾದ ಹೆಸರುಗಳು. ಮಗಳು ಹುಟ್ಟಿದಾಗ ಅವನು ಇಟ್ಟ ಹೆಸರು ಅತ್ತಿಮಬ್ಬೆ. ಮಗನಿಗೆ ರಾಯ. ಒಂದು ತನಗೆ ಆಶ್ರಯ ಕೊಟ್ಟ ದಾನಚಿಂತಾಮಣಿಯದು, ಇನ್ನೊಂದು ಚಾವುಂಡರಾಯನದು.

ಅತ್ತಿಮಬ್ಬೆಯ ಹೆಸರು ಕಿವಿಗೆ ಬಿದ್ದೊಡನೆ ಅತ್ತಿಯ ಮರ ನೆನಪಾಗುವುದು ಸಹಜ. ಮರದ ಹೆಸರಿನವಳನ್ನು ಬಿಡಬೇಕೆಂಬ ವಿಧಿಯನ್ನು ಹಿಡಿದು ಹೊರಟ ವರನೊಬ್ಬನು ಮಲ್ಲಪಯ್ಯನ ಮನೆಯ ಬಾಗಿಲಿನಿಂದ ಹಿಂದಿರುಗಬಹುದಾಗಿತ್ತು. ದಲ್ಲಪನ ಮಗ ನಾಗದೇವ ಹಿಂದಿರುಗಲಿಲ್ಲ; ಅವಳನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ವರಿಸಿದನು. ನಾಗದೇವ ಯುದ್ಧದಲ್ಲಿ ಮಡಿದ ಮೇಲೆ ತಂಗಿ ಸಹಗಮನ ಮಾಡಿದಳು, ಅಕ್ಕ ಮಗ ಅಣ್ಣಿಗದೇವನನ್ನು ಸಾಕುತ್ತ ವ್ರತನಿಯಮಗಳಲ್ಲಿ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಎತ್ತಿಸಿದವಳು ಇವಳೇ. ಹೆಸರು ಸೌಮ್ಯವೋ ಕಠಿಣವೋ ಎಂಬ ಪ್ರಶ್ನೆ ಇಂಥ ಬಾಳಿನ ಮುಂದೆ ಉಳಿಯುವುದಿಲ್ಲ. ಕವಿಯ ಮಗಳು ಆ ಹೆಸರನ್ನು ಪಡೆಯುವ ಹೊತ್ತಿಗೆ ಅದು ಮರದ ಹೆಸರಾಗಿ ಉಳಿದಿರಲಿಲ್ಲ.

ಸೂತ್ರದ ಪಟ್ಟಿ ಹೀಗೆ ಸೋತಿತೆಂದುಕೊಂಡರೂ ಹೆಸರನ್ನು ತೂಗುವ ಅಭ್ಯಾಸ ಸಾಯಲಿಲ್ಲ; ಅದು ಹೆಸರಿನ ಕೊನೆಯಿಂದ ಮೊದಲಿಗೆ ಸರಿಯಿತು. ಜಾತಕವಿಲ್ಲದ ಮನೆಗಳಲ್ಲಿ ‘ಹೆಸರುಬಲ’ ನೋಡುವ ರೂಢಿ ಇಂದಿಗೂ ಇದೆ. ಇಪ್ಪತ್ತೇಳು ನಕ್ಷತ್ರಗಳ 108 ಪಾದಗಳಿಗೆ ಒಂದೊಂದು ಅಕ್ಷರವನ್ನು ಹಂಚಲಾಗಿದೆ: ಅಶ್ವಿನಿಗೆ ಚು, ಚೇ, ಚೋ, ಲ, ಭರಣಿಗೆ ಲಿ, ಲು, ಲೇ, ಲೋ. ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರವನ್ನು ಹಿಡಿದು ಗಂಡು-ಹೆಣ್ಣುಗಳ ಹೊಂದಾಣಿಕೆಯನ್ನು ನಿರ್ಣಯಿಸುತ್ತಾರೆ. ನಕ್ಷತ್ರನಾಮೆಯನ್ನು ಬಿಡಬೇಕೆಂದಿದ್ದ ಪರಂಪರೆಯಲ್ಲಿ ಎಲ್ಲ ಹೆಸರುಗಳೂ ನಕ್ಷತ್ರದ ಹೆಸರುಗಳೇ ಆದವು. ಬಲ ಕೂಡಿಬರದಿದ್ದರೆ ಸಂಬಂಧ ಬಿಡುವುದು ಒಂದು ದಾರಿ. ಹೆಣ್ಣಿನ ಹೆಸರನ್ನೇ ಬಿಡಿಸುವುದು ಇನ್ನೊಂದು.

ಮಹಾರಾಷ್ಟ್ರದಲ್ಲಿಯೂ ಕರಾವಳಿಯ ಕೊಂಕಣಿ ಮನೆತನಗಳಲ್ಲಿಯೂ ಹೊಂದಾಣಿಕೆ ಕೂಡಿಬಂದಾಗಲೂ ವಧುವಿಗೆ ಮದುವೆಯಲ್ಲಿ ಹೊಸ ಹೆಸರಿಡುವುದು ವಾಡಿಕೆಯಾಗಿತ್ತು. ಹರಿವಾಣದ ಅಕ್ಕಿಯ ಮೇಲೆ ವರನು ಆ ಹೆಸರನ್ನು ಬರೆಯುತ್ತಿದ್ದನು. ಹತ್ತೊಂಬತ್ತನೆಯ ಶತಮಾನದ ಮೂವರು ಪ್ರಸಿದ್ಧ ಮಹಿಳೆಯರ ಬಾಲ್ಯದ ಹೆಸರುಗಳನ್ನು ಇಲ್ಲಿ ನೋಡಬಹುದು. 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿ ಹುಟ್ಟಿನಿಂದ ಯಮುನೆ. ಒಂಬತ್ತನೆಯ ವಯಸ್ಸಿನಲ್ಲಿ ಗೋಪಾಲರಾಯರನ್ನು ಮದುವೆಯಾದಾಗ ಆನಂದಿಯಾದಳು. ಮಹಾದೇವ ಗೋವಿಂದ ರಾನಡೆಯವರ ಪತ್ನಿ ರಮಾಬಾಯಿಯೂ ತೌರಿನಲ್ಲಿ ಯಮುನೆಯೇ. ವಿಧವೆಯಾಗಿದ್ದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿಯೆನಿಸಿದರು. ಎರಡು ಯಮುನೆ, ಒಂದು ಗೋದಾವರಿ. ಆಪಸ್ತಂಬದ ನಿಷೇಧವನ್ನು ನೆನೆದು ಇವರ ಹೆಸರನ್ನು ಬದಲಿಸಿದರೆಂದು ಹೇಳುವಂತಿಲ್ಲ. ಯಾವ ಹೆಸರಿದ್ದರೂ ಬದಲಾಗುತ್ತಿತ್ತು. ಹಳೆಯ ಸೂತ್ರವು ಹೆಸರು ಹಿಡಿಸದಿದ್ದರೆ ಹೆಣ್ಣನ್ನು ಬಿಡುವಂತೆ ಹೇಳಿತು; ಈ ವಾಡಿಕೆ ಹೆಣ್ಣನ್ನು ಇಟ್ಟುಕೊಂಡು ಅವಳ ಹೆಸರನ್ನು ಬಿಟ್ಟಿತು. ಒಂಬತ್ತು ವರ್ಷದ ಹುಡುಗಿಗೆ ಇವೆರಡರಲ್ಲಿ ಯಾವುದು ಮೇಲೆಂದು ಯಾರೂ ಕೇಳಲಿಲ್ಲ. ಆಚಿಯಕ್ಕನ ಶಾಸನವನ್ನು ಓದಿದ ಮೇಲೆ ಈ ವಾಡಿಕೆಯನ್ನು ಹಿನ್ನಡೆಯೆನ್ನದೆ ವಿಧಿಯಿಲ್ಲ.

ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಹೊಸ ದಂಪತಿಗಳು ಹೊಸ್ತಿಲು ದಾಟುವ ಮುನ್ನ ನಾದಿನಿಯರು ಬಾಗಿಲು ಕಟ್ಟಿ ನಿಲ್ಲುತ್ತಾರೆ. ಹೆಸರು ಹೇಳಿದರಷ್ಟೇ ದಾರಿ. ಮದುಮಗಳು ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಪ್ರಾಸದ ಸಾಲುಗಳಲ್ಲಿ ಹುದುಗಿಸಿ ಒಡಪು ಕಟ್ಟಬೇಕು. ಆಮೇಲೆ ಮದುಮಗನ ಸರದಿ. ಅವನು ತಡವರಿಸಿದಷ್ಟೂ ಸುತ್ತ ನಿಂತವರ ನಗೆ ಹೆಚ್ಚುತ್ತದೆ, ಏಕೆಂದರೆ ಆ ಗಳಿಗೆಯಲ್ಲಿ ಅವಳ ಹೆಸರು ಗಂಗವ್ವನೇ ಇರಲಿ, ನಾಗವ್ವನೇ ಇರಲಿ, ಅದಕ್ಕೊಂದು ಪ್ರಾಸ ಹುಡುಕಲೇಬೇಕು.